ಪುಟ್ಟತಾಯಮ್ಮನ ಅಳು

ರತ್ನ, ನಿನ್ನ ಅಪ್ಪ ಸತ್ತಾಗ ನಿನ್ನ ತಾಯಿಗೆ ದುಃಖವೇ ಆಗಿರಲಿಲ್ಲ ಎಂದು ನಿನ್ನ ದೊಡ್ಡಪ್ಪನ ಮನೆಯವರಿಗೆ ಹೇಳಿದವಳು ನಾನು. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ — ತಿಳಿಯದೆ ಆದ ತಪ್ಪು ಅಂದುಕೊಂಡು ನನ್ನನ್ನು ಬಿಟ್ಟುಬಿಡಬೇಡ.

ಭಾವನೆಗಳು ಮಿದುಳಿನ ಯಾವ ಮೂಲೆಯಲ್ಲಿ ಹುಟ್ಟುತ್ತವೆ ಎಂದು ಹುಡುಕುವುದು ನನ್ನ ಕಸುಬು. ತೊಂಬತ್ತರ ದಶಕದಲ್ಲಿ ವಾರಕ್ಕೊಮ್ಮೆ ನಂಜನಗೂಡಿಗೆ ಬಂದು ಲಕ್ವ ಹೊಡೆದವರನ್ನು ನೋಡುತ್ತಿದ್ದೆ. ನಿನ್ನ ತಾಯಿ ಪುಟ್ಟತಾಯಮ್ಮನನ್ನು ಹುಲ್ಲಹಳ್ಳಿ ಬಸ್ಸಿನಲ್ಲಿ ಕರೆತಂದವನು ನಿನ್ನಪ್ಪನೇ. ಅವಳ ಕೈಕಾಲು ಸರಿಹೋಗಿದ್ದವು. ಮಾತೂ ಬರುತ್ತಿತ್ತು; ಆದರೆ ಮುಖ, ದನಿ ಎರಡೂ ಸತ್ತಿದ್ದವು. ಬೈದರೂ ಒಂದೇ ಮುಖ, ಬೆಲ್ಲ ಕೊಟ್ಟರೂ ಒಂದೇ ಮುಖ ಅಂತ ಅವನು ನಗುತ್ತಲೇ ಹೇಳಿದ್ದ. ನನಗೆ ಖುಷಿಯಾಯಿತು — ಹೌದು, ಖುಷಿ. ಭಾವನೆಯೇ ಅಳಿಸಿಹೋದ ಮಿದುಳು ಸಿಕ್ಕಿತೆಂದು ದೊಡ್ಡವರ ಸಭೆಯಲ್ಲಿ ಪ್ರಬಂಧ ಓದಿ ಬೆನ್ನು ತಟ್ಟಿಸಿಕೊಂಡೆ.

ಆಮೇಲೆ ನಿನ್ನಪ್ಪ ಕಬ್ಬಿನ ಗದ್ದೆಯಲ್ಲಿ ಹಾವು ಕಡಿದು ಸತ್ತ. ನಾನು ಓಡಿಬಂದದ್ದು ಸಮಾಧಾನ ಹೇಳುವುದಕ್ಕಲ್ಲ, ಅವಳನ್ನು ನೋಡುವುದಕ್ಕೆ. ನಿಮ್ಮ ಕಡೆಯ ಪದ್ಧತಿ ನಿನಗೇ ಗೊತ್ತು — ಬಂದ ಹೆಂಗಸರು ಒಬ್ಬೊಬ್ಬರಾಗಿ ಕೊರಳು ತಬ್ಬಿ, ಹಾಡಿಕೊಂಡು ಅಳುತ್ತಾರೆ; ಆ ಅಳುವಿಗೆ ಮನೆಯವಳು ತನ್ನ ಅಳು ಸೇರಿಸಬೇಕು. ಸೇರಿಸದಿದ್ದರೆ ಬಂದವಳಿಗೂ ಅವಮಾನ, ಸತ್ತವನಿಗೂ ಅವಮಾನ. ನಿನ್ನ ತಾಯಿ ಸುಮ್ಮನೆ ಕೂತಿದ್ದಳು. ತಬ್ಬಿದವರು ಕೈ ಬಿಡಿಸಿಕೊಂಡು ದೂರ ಹೋಗಿ ಕೂತರು.

ಅವಳನ್ನು ಹಿತ್ತಿಲಿಗೆ ಕರೆದು, ಒಳಗೆ ಏನನ್ನಿಸುತ್ತಿದೆ ಎಂದು ಕೇಳಿದೆ. ಬಸ್ಸು ಎಷ್ಟೊತ್ತಿಗೆ ಎಂದು ಕೇಳುವವಳ ದನಿಯಲ್ಲಿ ಅಂದಳು:

"ಒಟ್ಟೆವೊಳಗೆ ಬೆಂಕಿ ಬಿದ್ದಂಗೈತೆ ಮೇಡಮ್ಮೋರೆ. ಅಳು ಮಾತ್ರ ಆಚೆಗೆ ಬರಾಕಿಲ್ಲ ಅಂತದೆ. ಇವ್ರಿಗೆ ನೀವೇ ವಸಿ ಏಳಿ."

ನನಗೆ ಎಲ್ಲ ಅರ್ಥವಾಯಿತು. ಮಿದುಳಿನಲ್ಲಿ ಕೆಟ್ಟದ್ದು ಅಳು ಹೊರಬರುವ ದಾರಿ; ಸಂಕಟ ಇದ್ದಲ್ಲೇ ಇತ್ತು. ಅಂದರೆ ನನ್ನ ಪ್ರಬಂಧ — ಪೂರ್ತಿ ತಪ್ಪು.

ಪಡಸಾಲೆಗೆ ಬಂದಾಗ ನಿನ್ನ ದೊಡ್ಡಪ್ಪ ಎಲ್ಲರೆದುರು ಕೇಳಿದರು, "ನೀವು ಓದ್ದೋರು, ಏಳಿ. ಇವ್ಳಿಗೆ ಒಳಗಾದ್ರೂ ಸಂಕ್ಟ ಐತಾ?"

"ಇಲ್ಲ," ಅಂದುಬಿಟ್ಟೆ.

ಅವಳು ನನ್ನನ್ನೇ ನೋಡಿದಳು. ಆ ಮುಖದಲ್ಲಿ ಏನೂ ಕಾಣಲಿಲ್ಲ — ಕಾಣುವ ಹಾಗೂ ಇರಲಿಲ್ಲವಲ್ಲ. ತಿಥಿ ಮುಗಿದದ್ದೇ ಅವಳನ್ನು ತಲಕಾಡಿನ ಕಡೆ ತಮ್ಮನ ಮನೆಗೆ ಸಾಗಹಾಕಿದರು. ಕಲ್ಲೆದೆಯವಳ ಹತ್ತಿರ ಹೆಣ್ಣುಮಗು ಬೆಳೆಯಬಾರದೆಂದು ನಿನ್ನನ್ನು ಇಟ್ಟುಕೊಂಡರು. ನಾನು ಪ್ರೊಫೆಸರ್ ಆದೆ. ಊರೂರಿನಲ್ಲಿ ದುಃಖದ ಬಗ್ಗೆ ಭಾಷಣ ಮಾಡಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಎಷ್ಟೋ ವರ್ಷದ ಮೇಲೆ, ಅವಳೂ ತೀರಿಕೊಂಡಳೆಂದು ತಿಳಿದು, ನಿಜ ಹೇಳಿಯೇಬಿಡಬೇಕೆಂದು ನಿನ್ನ ಗಂಡನ ಮನೆಗೆ, ತಿ. ನರಸೀಪುರಕ್ಕೆ ಬಂದೆ. ನೀನು ಕಾಫಿ ಕೊಟ್ಟೆ. ತಾಯಿಯನ್ನು ಕೊನೆಗಾಲದಲ್ಲಿ ನೋಡಿದೆಯಾ ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು ಇಷ್ಟು:

"ಮಣ್ಣಿಗೆ ಓಗಿದ್ದೆ. ಎಲ್ರೂ ಅತ್ರು, ನಾನು ಅಳ್ನಿಲ್ಲ. ಅಳು ಬರ್ತಿತ್ತು ಮೇಡಮ್ಮೋರೆ, ಅಲ್ಲು ಕಚ್ಚಿ ತಡ್ಕೊಂಡೆ. ನಮ್ಮಪ್ಪಂಗೆ ಅಳ್ದೇ ಇದ್ದೋಳ್ಗೆ ನಾನ್ಯಾಕೆ ಅಳ್ಲಿ?"

ಆಗಲಾದರೂ ಹೇಳಬೇಕಿತ್ತು. ಬಾಯಿ ಬರಲಿಲ್ಲ — ಇಲ್ಲ, ಬಂತು, ನಾನೇ ಮುಚ್ಚಿಕೊಂಡೆ. ಕಾಫಿ ಕುಡಿದು ಬಸ್ಸು ಹತ್ತಿದೆ.

ಈ ಭಾನುವಾರ ನಿನ್ನ ದೊಡ್ಡಪ್ಪನ ಮನೆಗೆ ಹೋಗುತ್ತೇನೆ. ಅದೇ ಪಡಸಾಲೆಯಲ್ಲಿ ಕೂತು, ಅವತ್ತಿನ ಹೆಂಗಸರಲ್ಲಿ ಉಳಿದಿರುವವರನ್ನು ಕರೆಸಿ ಹೇಳುತ್ತೇನೆ. ಉಗಿದರೆ ಒರೆಸಿಕೊಳ್ಳುತ್ತೇನೆ. ಆದರೆ ನೀನು ಹಲ್ಲು ಕಚ್ಚಿ ತಡೆದುಕೊಂಡ ಅಳು — ಅದನ್ನು ನಿನ್ನ ತಾಯಿಗೆ ಹೇಗೆ ಮುಟ್ಟಿಸಲಿ, ನನಗೆ ಗೊತ್ತಿಲ್ಲ.