ಸೈಕಲ್ಲಿಗೆ ಲಾರಿ ಕನ್ನಡಿ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಿಮಗೆ ಬೈಯಲು ಸಲೀಸು. ಯಾರನ್ನು ಅಣಕಿಸಬಾರದಿತ್ತೋ ಅವರನ್ನೇ, ಯಾವ ದಿನ ಅಣಕಿಸಬಾರದಿತ್ತೋ ಅವತ್ತೇ, ಅದೂ ಅವರ ಬೆನ್ನ ಹಿಂದೆ ಅಣಕಿಸಿದ ಮಹಾಶಯ ನಾನು.

ಇವತ್ತು ಬೆಳಿಗ್ಗೆ ಗಡ್ಡ ಹೆರೆಯುವಾಗಲೂ ಇದು ನೆನಪಾಯಿತು. ಹೊಸಪೇಟೆಯ ನಮ್ಮ ಮನೆಯ ಬಚ್ಚಲಲ್ಲಿ ಮೊಳೆಗೆ ತೂಗುಬಿದ್ದಿರುವುದು ಲಾರಿಯ ಕನ್ನಡಿ. ಜೋಳದ ರೊಟ್ಟಿಯಷ್ಟು ಅಗಲ. ಅಂಚಿನ ತುಕ್ಕಿನಲ್ಲಿ ಎಷ್ಟು ಒರೆಸಿದರೂ ಹೋಗದ ಸಂಡೂರಿನ ಕೆಂಪು ಧೂಳು. ಅದರಲ್ಲಿ ನನ್ನ ಮೂಗು ಊದಿಕೊಂಡಂತೆ ಕಾಣುತ್ತದೆ. ಅದು ಕನ್ನಡಿಯ ದೋಷ ಎಂದು ನನ್ನ ವಾದ. ಬೇರೆ ಯಾರೂ ಇದನ್ನು ಒಪ್ಪಿಲ್ಲ.

ಅಣಕಿಸುವುದು ನನ್ನ ಹುಟ್ಟುಗುಣ. ಹಂಪಿ ಬಜಾರಿನಲ್ಲಿ ಗೈಡುಗಳು ಕೊಡೆ ಎತ್ತಿ ಹಿಡಿದು ಇಂಗ್ಲಿಷನ್ನು ಅಟ್ಟಿಸಿಕೊಂಡು ಹೋಗುವುದು, ಟಿ.ಬಿ. ಡ್ಯಾಂ ಬಸ್ಸಿನ ಕಂಡಕ್ಟರು ಒಂದು ಕಾಲು ಹೊರಗಿಟ್ಟುಕೊಂಡೇ “ಒಳಗ ಸರೀರಿ, ಒಳಗ ಭಾಳ ಜಾಗ ಐತಿ” ಎನ್ನುವುದು, ಎಲ್ಲವೂ ನನ್ನ ಬಾಯಲ್ಲಿವೆ. ನಾನು ಕೆಲಸ ಮಾಡುವ ಲಾಡ್ಜಿನ ಮ್ಯಾನೇಜರರ ದನಿಯಲ್ಲಿ ಅಡುಗೆಮನೆಗೆ ಫೋನು ಮಾಡಿ ಎರಡು ಸಲ ಒಗ್ಗರಣೆ ಮಿರ್ಚಿ ತರಿಸಿಕೊಂಡಿದ್ದೇನೆ. ಮೂರನೆಯ ಸಲ ತಟ್ಟೆಯನ್ನು ಮ್ಯಾನೇಜರರೇ ತಂದುಕೊಟ್ಟರು.

ಇಂಥವನನ್ನು ಮೆಚ್ಚಿದವಳು ನಾಗರತ್ನ. ಊರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಅಪ್ಪ, ಸಂಡೂರು ಹತ್ತಿರದ ಯಶವಂತನಗರದ ಹನುಮಂತಪ್ಪನವರು, ಮೂವತ್ತು ವರ್ಷ ಅದಿರು ಲಾರಿ ಓಡಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆಗೆ ಸೈಕಲ್ ತುಳಿಯಿರಿ ಎಂದಿದ್ದರು ಡಾಕ್ಟರು. ಆದರೆ ಅವರ ಊರಿನ ರಸ್ತೆಯ ತುಂಬ ಲಾರಿಗಳು. ಇಷ್ಟು ವರ್ಷ ಸೈಕಲ್ಲಿನವರನ್ನು ಬೈದ ಮನುಷ್ಯ ಆ ರಸ್ತೆಗೆ ಸೈಕಲ್ ಇಳಿಸುವುದು ಹೇಗೆ?

ಒಂದು ದಿನ ರತ್ನ ಹೇಳಿದಳು: “ನಮ್ಮಪ್ಪ ನಿನ್ನ ನೋಡಬೇಕಂತಾನ. ಮನ್ಯಾಗ ಕುಂತು ಚಾ ಕುಡದ್ರ ಮನುಷ್ಯಾ ಗೊತ್ತಾಗಂಗಿಲ್ಲಂತ. ಎರಡು ತಾಸು ಜೊತಿಗೆ ರೋಡಿನ ಮ್ಯಾಲಿದ್ರ ಗೊತ್ತಾಗ್ತಾನಂತ. ಕ್ಲೀನರ್‌ಗಳ್ನ ಅವ ಹಂಗಾ ಆರಿಸ್ತಿದ್ದ.”

“ಅಳಿಯನ್ನೂ ಹಂಗಾ?”

“ಹೂಂ. ನದಿ ದಂಡಿಗೆ ಕರ್ಕೊಂಡು ಹೋಗು. ಕೈ ಮುಗಿತೀನಿ, ಯಾರ್ದೂ ದನಿ ತೆಗಿಬ್ಯಾಡ. ಅವ ಒಮ್ಮೆ ಬ್ಯಾಡ ಅಂದ್ರ ಮುಗೀತು, ನಾನೂ ಏನೂ ಮಾಡಾಕಾಗಂಗಿಲ್ಲ.”

ಡ್ಯಾಮಿನಿಂದ ಕಂಪ್ಲಿ ಸೇತುವೆಯವರೆಗೆ ತುಂಗಭದ್ರೆ ನೀರುನಾಯಿಗಳಿಗೆ ಮೀಸಲು. ದಂಡೆಯುದ್ದಕ್ಕೆ ಒಂದೆಡೆ ಬಾಳೆತೋಟ, ಇನ್ನೊಂದೆಡೆ ಜೊಂಡು, ಬಂಡೆ, ನೀರು. ನಡುವೆ ನಾನು ಚಿಕ್ಕಂದಿನಿಂದ ಸೈಕಲ್ ಹೊಡೆದ ಮಣ್ಣುದಾರಿ. ಏರಿಲ್ಲ, ಇಳಿಜಾರಿಲ್ಲ, ಗಾಡಿಯಿಲ್ಲ. ಕೈ ಬಿಟ್ಟು ಹೋದರೂ ಕೇಳುವವರಿಲ್ಲ.

ಆ ಭಾನುವಾರ ಹನುಮಂತಪ್ಪನವರು ಟೆಂಪೊದಿಂದ ಸೈಕಲ್ ಇಳಿಸಿದಾಗ ನನ್ನ ಪರೀಕ್ಷೆ ಶುರುವಾಯಿತು. ಹ್ಯಾಂಡಲ್ಲಿನ ಬಲಕ್ಕೆ ತಂತಿ ಸುತ್ತಿ ಬಿಗಿದ ಲಾರಿ ಕನ್ನಡಿ. ಎಡಕ್ಕೆ ರಬ್ಬರಿನ ಹಾರ್ನು. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ. ಹೊರಡುವ ಮುನ್ನ, ಲಾರಿ ಟೈರಿನ ಗಾಳಿ ನೋಡುವಂತೆ, ಕೋಲಿನಿಂದ ಎರಡೂ ಟೈರಿಗೆ ಕುಟ್ಟಿ ಸದ್ದು ಕೇಳಿದರು. ನಾನು ಕೆಳತುಟಿ ಕಚ್ಚಿಕೊಂಡೆ.

“ಹೋಗೋಣೇನ್ರಿ ಮಾವಾ?”

“ಮಾವ ಇನ್ನೂ ಆಗಿಲ್ಲ,” ಎಂದು ಅವರು ಸೀಟೇರಿದರು.

ದಾರಿಯಲ್ಲಿ ನರಪಿಳ್ಳೆಯಿಲ್ಲ. ಆದರೂ ಪ್ರತಿ ತಿರುವಿಗೂ ಹಾರ್ನು. ಬೆಳ್ಳಕ್ಕಿಗೆ ಹಾರ್ನು. ಅಡ್ಡ ನಿಂತ ಎಮ್ಮೆಗೆ ಕೈ ಹೊರಚಾಚಿ ಸಿಗ್ನಲ್ಲು; ಎಮ್ಮೆಯೂ ಪಾಪ, ನೋಡಿಕೊಂಡು ದಾಟಿತು. “ಎದುರಿಗಿ ಯಾವ ಗಾಡಿನೂ ಬರಂಗಿಲ್ರಿ,” ಎಂದೆ. “ಎಲ್ಲಾರೂ ಹಂಗಾ ಅಂದ್ಕೊಂಡಿರ್ತಾರ,” ಎಂದರು.

ಮೊದಲರ್ಧ ದಾರಿ ನಾನು ಸಾಧುವಾಗಿದ್ದೆ. ಬೇಕಾದರೆ ಬೆಳ್ಳಕ್ಕಿಗಳನ್ನು ಕೇಳಿ. ಆದರೆ ಮುಂದೆ ಹನುಮಂತಪ್ಪನವರು ಮೊಳಕೈ ಅಗಲಿಸಿ, ಆನೆಕಿವಿಯಷ್ಟು ದೊಡ್ಡ ಸ್ಟೀರಿಂಗ್ ಹಿಡಿದವರಂತೆ, ಸೀಟಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತಿದ್ದರು. ಮರಳು ಬಂದಲ್ಲಿ ಎಡಗಾಲು ಪೆಡಲನ್ನು ಗಕ್ಕನೆ ಒತ್ತಿ ತಡೆಯುತ್ತಿತ್ತು. ಮರುಕ್ಷಣ ಎಡಗೈ ಹ್ಯಾಂಡಲ್ ಬಿಟ್ಟು ಮೊಣಕಾಲ ಪಕ್ಕದಲ್ಲಿ ಇಲ್ಲದ ಗೇರನ್ನು ಎಳೆಯುತ್ತಿತ್ತು. ನೀವೇ ಹೇಳಿ, ಮನುಷ್ಯ ಎಷ್ಟಂತ ತಡೆದುಕೊಳ್ಳಬೇಕು?

ಮೊಳಕೈ ಅಗಲಿಸಿದೆ. ಕುಂಡಿ ಕುಣಿಸಿದೆ. ಸದ್ದಿಲ್ಲದೆ ಹಾರ್ನ್ ಹೊಡೆದೆ, ಗೇರ್ ಹಾಕಿದೆ, ಕಿಟಕಿಯಿಂದ ತಲೆ ಹೊರಹಾಕಿ ಕಾಣದ ಕ್ಲೀನರನಿಗೆ ಬೈದೆ. ಒಂದು ಬಣ್ಣದ ಕೊಕ್ಕರೆ ಒಂಟಿ ಕಾಲಲ್ಲಿ ನಿಂತು ಪೂರ್ತಿ ನೋಡಿತು. ಅಂಥ ಗಂಭೀರ ಪ್ರೇಕ್ಷಕ ನನಗೆ ಎಂದೂ ಸಿಕ್ಕಿರಲಿಲ್ಲ. ಹೀಗೆ ಮೂರು ತಿರುವು.

ಒಂದು ಬಂಡೆಯ ಬಳಿ ಅವರು ತಟ್ಟನೆ ನಿಂತರು. ನಾನು ಹಾಕಿದ್ದ ಗೇರನ್ನು ಅಲ್ಲೇ ಬಿಟ್ಟು ಸಭ್ಯನಾದೆ. ಕೆಳಗೆ ನೀರು ಕಲಕಿ, ಚಪ್ಪಟೆ ತಲೆಯೊಂದು ಎದ್ದಿತು. ಆಮೇಲೆ ಇನ್ನೊಂದು. ಆಮೇಲೆ ಎರಡು ಮರಿ. ನೀರುನಾಯಿ ಸಂಸಾರ ಮೀನಿಗಾಗಿ ಕಚ್ಚಾಡುತ್ತ ಬಂಡೆಯೇರಿತು. ಹನುಮಂತಪ್ಪನವರು ಮೆಲ್ಲಗೆ ಕೈ ಚಾಚಿ ರಬ್ಬರ್ ಹಾರ್ನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದರು. ಅದು ತಾನಾಗಿ ಎಲ್ಲಿ ಕೂಗೀತೋ ಎಂಬಂತೆ! ನಗು ಬರಬೇಕಿತ್ತು. ಬರಲಿಲ್ಲ. ಆ ಕೈಯನ್ನು ಮಾತ್ರ ಇವತ್ತಿಗೂ ನಾನು ಅಣಕಿಸಿಲ್ಲ.

“ಮೂವತ್ತು ವರ್ಷ ಗಾಡಿ ಹೊಡದೀನಿ,” ಎಂದರು ಪಿಸುದನಿಯಲ್ಲಿ. “ಇಷ್ಟು ಸುಮ್ಮನಿರೋ ರೋಡು ಒಂದೂ ನೋಡಿಲ್ಲ.”

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಪರೀಕ್ಷೆ ಪಾಸಾದೆನೆಂಬ ಉಬ್ಬಿನಲ್ಲಿ ನನ್ನ ಬಾಯಿ ತಾನೇ ತೆರೆಯಿತು: “ಮತ್ತ ಇಂಥ ರೋಡಿಗೆ ಕನ್ನಡಿ ಯಾಕ್ರಿ ಮಾವಾ? ಹಿಂದ ಯಾವ ಗಾಡಿ ಬರ್ತೈತಿ?”

ಅವರು ತಂತಿ ಬಿಚ್ಚತೊಡಗಿದರು. ಆಗ ನನಗೆ ಹೊಳೆಯಿತು. ರತ್ನ ಕೈ ಮುಗಿದದ್ದು ಕಣ್ಣ ಮುಂದೆ ಬಂತು. ಈಗಲೂ ದಿನಾ ಬೆಳಿಗ್ಗೆ ಇದೇ ಕನ್ನಡಿಯಲ್ಲಿ, ಊರಿನವರನ್ನೆಲ್ಲ ಬಿಟ್ಟು, ಮೊದಲು ಆ ಹೊತ್ತಿನ ನನ್ನ ಮುಖವನ್ನೇ ಅಣಕಿಸಲು ನೋಡುತ್ತೇನೆ. ಅಷ್ಟು ಪೆದ್ದು ಮುಖ ಇನ್ನೂ ಸರಿಯಾಗಿ ಬಂದಿಲ್ಲ. ಹನುಮಂತಪ್ಪನವರು ಕನ್ನಡಿಯನ್ನು ಪಂಚೆಯ ತುದಿಯಲ್ಲಿ ಒರೆಸಿ ನನ್ನ ಕೈಗಿಟ್ಟು ಹೇಳಿದರು:

“ಗಾಡಿ ನೋಡಾಕಲ್ಲಪಾ, ನಿನ್ನ ನೋಡಾಕ. ಹಾರ್ನ್ ಚಲೋ ಹೊಡದಿ, ಕುಂಡಿ ಕುಣಸಿದ್ದೂ ಬರೋಬರಿ ಐತಿ. ಆದ್ರ ಕ್ಲಚ್ ತುಳೀಲಾರದ ಗೇರ್ ಹಾಕಿದಿ. ತಗೋ, ಇದ್ರಾಗ ನೋಡ್ಕೊಂತ ಕಲಿ. ನಾಳೆ ಲಗ್ನದಾಗ ಡ್ರೈವರ್ ಮಂದಿ ಮುಂದ ನನ್ನ ಅಣಕಿಸಾಕ ನಿಂತ್ರ, ನನ್ನ ಮರ್ಯಾದಿ ಹೋಗಬಾರದು.”