ಮುಟ್ಟಿದರೆ ಸರಿಹೋಗುತ್ತಿದ್ದ ಕಂಪ್ಯೂಟರ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಿಂತಾಮಣಿಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಹಂಗಾಮಿ ಕೆಲಸ. ದಿನಾ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನಮ್ಮ ಕೇರಿಯಿಂದ ಅಂಥ ಆಫೀಸಿನಲ್ಲಿ ಕುರ್ಚಿ ಹಾಕಿಕೊಂಡು ಕೂತವಳು ನಾನೇ ಮೊದಲು. ಸಣ್ಣ ತಪ್ಪಾದರೂ ಜನ ಏನನ್ನುತ್ತಾರೋ ಎಂಬ ಅಳುಕು ಬಸ್ಸಿಳಿಯುವಾಗಲೇ ಶುರುವಾಗುತ್ತಿತ್ತು.

ವಿದ್ಯಾರ್ಥಿಗಳ ವಿವರವೆಲ್ಲ ಇದ್ದ ದೊಡ್ಡ ಕಂಪ್ಯೂಟರ್ ಪ್ರಿನ್ಸಿಪಾಲರ ಕೋಣೆಯಲ್ಲಿತ್ತು. ಗೋಡೆ ಕೊರೆದು ಎಳೆದಿದ್ದ ಕೇಬಲ್ ಮೂಲಕ ಅದು ನನ್ನ ಟೇಬಲ್ಲಿನ ಚಿಕ್ಕ ಕಂಪ್ಯೂಟರಿಗೆ ಹೆಸರುಗಳನ್ನು ಕೊಡಬೇಕು. ಪರೀಕ್ಷೆಗೆ ಕೂರುವವರ ಪಟ್ಟಿ ಕೋಲಾರಕ್ಕೆ ಕಳಿಸಬೇಕಾದ ವಾರದಲ್ಲೇ ಅದು ಕೈಕೊಟ್ಟಿತು. ಒಂದೊಂದು ಹೆಸರಿಗೂ ನಿಮಿಷಗಟ್ಟಲೆ ಕಾಯಬೇಕಾಯಿತು.

"ಏಮ್ಮಾ, ಇನ್ನೂ ಮೊದಲ್ನೇ ಸೆಕ್ಷನ್ನಲ್ಲೇ ಇದ್ದೀಯಾ?" ಎಂದರು ಹೆಡ್ ಕ್ಲರ್ಕ್. ಎದ್ದುಹೋಗಿ ಆ ಕೋಣೆಯ ಮೌಸ್ ಅಲ್ಲಾಡಿಸಿ ನನ್ನನ್ನು ಕರೆದರು. "ಬಾ ನೋಡು, ಚೆನ್ನಾಗೇ ಓಡ್ತಾ ಐತಲ್ಲ. ನಿನ್ ಕೈಯಲ್ಲೇ ಏನೋ ಐತೆ."

ನಿಜಕ್ಕೂ ಓಡುತ್ತಿತ್ತು. ನಾನು ನನ್ನ ಜಾಗಕ್ಕೆ ಬಂದ ಮೇಲೂ ಸ್ವಲ್ಪ ಹೊತ್ತು ಹೆಸರುಗಳು ಬಂದವು. ಆಮೇಲೆ ಮತ್ತೆ ಅದೇ ಕಥೆ. ಚಿಕ್ಕಬಳ್ಳಾಪುರದಿಂದ ಬಂದ ರಿಪೇರಿಯವರು ಪೆಟ್ಟಿಗೆ ಬಿಚ್ಚಿ, ಧೂಳು ಹೊಡೆದು, "ಕಂಪ್ಯೂಟರ್ ಸರಿಯಾಗೈತೆ ಸಾರ್, ಆಪರೇಟರ್‌ಗೆ ಟ್ರೈನಿಂಗ್ ಕೊಡ್ಸಿ" ಎಂದು ಹೋದರು. ಪ್ರಿನ್ಸಿಪಾಲರು ಬೈಯಲಿಲ್ಲ. "ನಾಳೆ ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತಮ್ಮ" ಎಂದರು, ಅಷ್ಟೇ.

ಮರುದಿನ ಬೆಳಿಗ್ಗೆ ಅವರು ಎಲ್ಲೋ ಮೀಟಿಂಗಿಗೆ ಹೋಗಿದ್ದರು. ಹೆಡ್ ಕ್ಲರ್ಕ್ ಹತ್ತಿರ ಅವರ ಕೋಣೆಯ ಕೀ ಇಸಿದುಕೊಂಡೆ. ಪ್ರೊಸೆಸರಿನ ಮೇಲೆ ಎಷ್ಟು ಹೊರೆ ಬಿದ್ದಿದೆ ಎಂದು ಹಸಿರು ಗೆರೆಯಲ್ಲಿ ತೋರಿಸುವ ಟಾಸ್ಕ್ ಮ್ಯಾನೇಜರ್ ಎಂಬುದೊಂದಿತ್ತು. ಅದನ್ನು ತೆರೆದಿಟ್ಟು ನನ್ನ ಟೇಬಲ್ಲಿಗೆ ಬಂದೆ. ಐದಾರು ನಿಮಿಷಕ್ಕೆ ಹೆಸರು ಬರುವುದು ನಿಧಾನವಾಯಿತು. ಮತ್ತೆ ಆ ಕೋಣೆಗೆ ಹೋಗಿ, ಏನನ್ನೂ ಮುಟ್ಟದೆ ನಿಂತು ನೋಡಿದೆ. ಪರದೆಯ ತುಂಬ ಬಣ್ಣಬಣ್ಣದ ಪೈಪುಗಳು ಸುತ್ತಿಕೊಳ್ಳುತ್ತ ಬೆಳೆಯುತ್ತಿದ್ದವು. ಯಾರೂ ಮುಟ್ಟದಿದ್ದಾಗ ಬರುವ ಸ್ಕ್ರೀನ್ ಸೇವರ್ ಅದು, ನೂರು ಸಲ ನೋಡಿದ್ದೆ. ಮೌಸ್ ಅಲ್ಲಾಡಿಸಿದೆ. ಪೈಪುಗಳು ಮಾಯವಾಗಿ ಹಸಿರು ಗೆರೆ ಕಾಣಿಸಿತು. ಕಳೆದ ಕೆಲವು ನಿಮಿಷ ಅದು ನೂರಕ್ಕೆ ಅಂಟಿಕೊಂಡಿದ್ದು, ನಾನು ಮುಟ್ಟಿದ ಕ್ಷಣದಲ್ಲಿ ದಡಕ್ಕನೆ ಕೆಳಗೆ ಬಿದ್ದಿತ್ತು.

ಆ ಪೈಪುಗಳನ್ನು ಬಿಡಿಸುವುದರಲ್ಲೇ ಕಂಪ್ಯೂಟರಿನ ಶಕ್ತಿಯೆಲ್ಲ ಹೋಗುತ್ತಿತ್ತು. ನೋಡಲು ಹೋದವರೆಲ್ಲ ಮೊದಲು ಮಾಡುತ್ತಿದ್ದುದು ಮೌಸ್ ಮುಟ್ಟುವುದು. ಹಾಗಾಗಿ ತೊಂದರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೇರೆ ದಿನಗಳಲ್ಲಿ ಒಂದೆರಡು ಹೆಸರಷ್ಟೇ ಬೇಕಾಗುತ್ತಿದ್ದರಿಂದ ನನಗೂ ಗೊತ್ತಾಗಿರಲಿಲ್ಲ.

ಸ್ಕ್ರೀನ್ ಸೇವರ್ ತೆಗೆದುಹಾಕಿದೆ. ಹೆಸರುಗಳು ಸರಸರ ಬರತೊಡಗಿದವು. ಆಗ ಬೇರೆ ಭಯ ಹತ್ತಿತು. ಆ ಪೈಪುಗಳೆಂದರೆ ಪ್ರಿನ್ಸಿಪಾಲರಿಗೆ ಪ್ರಾಣ, ಬಂದವರಿಗೆಲ್ಲ ತೋರಿಸುತ್ತಿದ್ದರು. ಮಧ್ಯಾಹ್ನ ಅವರು ಬಂದ ಕೂಡಲೇ ಎದ್ದುಹೋಗಿ ನಾನೇ ಹೇಳಿದೆ.

"ಸಾರ್, ಪೈಪಿನ ಚಿತ್ರ ತೆಗೆದಿದ್ದೀನಿ. ಅದರಿಂದಲೇ ನಿಧಾನ ಆಗ್ತಿತ್ತು."

"ಯಾರನ್ನ ಕೇಳಿ ತೆಗೆದೆ? ಅದಿಲ್ದಿದ್ರೆ ಸ್ಕ್ರೀನ್ ಸುಟ್ಟೋಗುತ್ತಂತೆ!"

"ಸ್ಕ್ರೀನ್ ಒಂದನ್ನೇ ಆಫ್ ಮಾಡಿದ್ರೆ ಸಾಕು ಸಾರ್. ನೀವೇ ನಿಂತು ನೋಡಿ."

ಮತ್ತೆ ಪೈಪುಗಳನ್ನು ಹಾಕಿ, ಅವರನ್ನು ನನ್ನ ಟೇಬಲ್ ಪಕ್ಕ ನಿಲ್ಲಿಸಿಕೊಂಡೆ. ನಿಧಾನವಾಗದೇ ಹೋದರೆ? ಇವತ್ತೇ ಕೊನೆಯ ದಿನ ಅಂದುಕೊಂಡೆ. ಹೆಡ್ ಕ್ಲರ್ಕ್ ಕೂಡ ಬಂದು ನಿಂತರು. ಆರನೇ ನಿಮಿಷಕ್ಕೆ ಹೆಸರು ಬರುವುದು ನಿಂತಿತು. ಪ್ರಿನ್ಸಿಪಾಲರು ಒಳಗೆ ಹೋಗಿ ಮೌಸ್ ಅಲ್ಲಾಡಿಸಿ, ಅಲ್ಲಿಂದಲೇ ಕೂಗಿದರು, "ಈಗ?"

"ಬಂತು ಸಾರ್."

"ತೆಗೆದ್ಬಿಡಮ್ಮ" ಎಂದರು.

ಪಟ್ಟಿ ಸಂಜೆಯ ಬಸ್ಸಿಗೆ ಹೋಯಿತು. ಹೆಡ್ ಕ್ಲರ್ಕ್ ನನ್ನ ಕೈಯ ಬಗ್ಗೆ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಮರುದಿನ ಮಾತ್ರ ನೋಟ್‌ಬುಕ್ ಹಿಡಿದು ಬಂದು, "ಆ ಹಸಿರು ಗೆರೆ ನೋಡೋದ್ಹೇಗೆ, ನಿಧಾನಕ್ಕೆ ಹೇಳು, ಬರ್ಕೊಂತೀನಿ" ಎಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು ಹೇಳಿಕೊಟ್ಟೆ. ಹೇಳುವಾಗಲೂ ಮನಸ್ಸು ಮಾತ್ರ ಕೋಲಾರಕ್ಕೆ ಹೋದ ಪಟ್ಟಿಯಲ್ಲೇ ಇತ್ತು, ಅವಸರದಲ್ಲಿ ಯಾರ ಹೆಸರನ್ನಾದರೂ ಬಿಟ್ಟಿದ್ದೇನೋ ಏನೋ ಎಂದು.