ಎಂಟು ಸಿಲಿಂಡರಿನ ಪ್ಲಾಸ್ಟಿಕ್ ಗಾಡಿ

ಪ್ಲಾಸ್ಟಿಕ್ ಕಾರನ್ನ ಮೆಕ್ಯಾನಿಕ್‌ಗೆ ತೋರಿಸೋಕೆ ನಾಚಿಕೆ ಆಗದೇ ಇರುತ್ತಾ? ಎಂಟು ಸಿಲಿಂಡರಿನ ದೊಡ್ಡ ಎಂಜಿನ್ ಇರೋ ಹಳೇ ಕಾಲದ ಅಮೆರಿಕನ್ ಮಸಲ್ ಕಾರಿನ ಪುಟ್ಟ ಮಾದರಿ ಅದು, ಅಂಗೈ ಮೇಲೆ ಕೂರುತ್ತೆ. ಮೂರು ತಿಂಗಳು ಕೂತು ಅಂಟಿಸಿ, ಹಳೇ ಗಾಡಿ ಥರ ಕಾಣ್ಲಿ ಅಂತ ತುಕ್ಕಿನ ಬಣ್ಣ ಹೊಡೆದು ಕಟ್ಟಿದ್ದೆ. ಉಳಿದಿದ್ದು ಒಂದೇ ಕೆಲಸ. ಓಡಿ ಓಡಿ ಹಳೇದಾದ ಎಂಜಿನ್ ಮೇಲೆ ಎಣ್ಣೆ ಎಲ್ಲೆಲ್ಲಿ ಜಿನುಗಿ ಕಲೆಯಾಗುತ್ತೆ ಅಂತ ತಿಳ್ಕೊಂಡು, ಅಲ್ಲಲ್ಲಿ ಕಪ್ಪು ಹಚ್ಚಬೇಕಿತ್ತು. ಅದಕ್ಕೇ ಶಿವಾಜಿನಗರದಲ್ಲಿ ಎಂಟು ಸಿಲಿಂಡರಿನ ಗಾಡಿಗಳನ್ನ ಬಿಚ್ಚಿ ಜೋಡಿಸಿದ್ದ ಹಳೇ ಮೆಕ್ಯಾನಿಕ್ ಭಾಯ್ ಒಬ್ಬರನ್ನ ಹುಡುಕ್ಕೊಂಡು ಹೋದೆ.

ಭಾಯ್ ಕನ್ನಡಕ ಹಾಕ್ಕೊಂಡು, ಉಗುರಿನ ತುದೀಲಿ ಬಾನೆಟ್ ಎತ್ತಿ ನೋಡಿದ್ರು.

“ಇದು ಸ್ಟಾರ್ಟ್ ಆಗಲ್ಲ ಸಾರ್.”

“ಪ್ಲಾಸ್ಟಿಕ್ ಅಲ್ವಾ ಭಾಯ್,” ಅಂತ ನಕ್ಕೆ.

“ಅದು ಬೇರೆ ವಿಷ್ಯ. ಪ್ಲಗ್ ವೈರು ಎರಡು ಅದಲುಬದಲಾಗಿದೆ ನೋಡಿ.”

ವೈರು ಅಂದ್ರೆ ನಾನು ಅಂಟಿಸಿದ್ದ ಕರಿ ದಾರ. “ಬಾನೆಟ್ ಮುಚ್ಚಿದ್ಮೇಲೆ ಯಾರಿಗೆ ಕಾಣುತ್ತೆ?” ಅಂದೆ. ಅವರು ನಾನು ತಂದಿದ್ದ ಸಾಮಾನಿನ ಡಬ್ಬಿಯಿಂದ ಚಿಮಟ ತಗೊಂಡು, ಎರಡೂ ದಾರ ಕಿತ್ತು, ಸರಿಯಾದ ಜಾಗಕ್ಕೆ ಕೂರಿಸಿದ್ರು. ಹೊರಗೆ ನಿಜವಾದ ಕಾರಲ್ಲಿ ಕಾಯ್ತಿದ್ದ ಗಿರಾಕಿ ಎರಡು ಸಲ ಹಾರನ್ ಹೊಡೆದ. ಭಾಯ್ ತಲೆ ಎತ್ತಲಿಲ್ಲ.

ಆಮೇಲೆ ನಾನು ಬಂದ ವಿಷಯ ಕೇಳಿದೆ. “ಎಣ್ಣೆ ಕಲೆ ಎಲ್ಲಿ ಹಚ್ಚಲಿ ಭಾಯ್?”

ಅವರು ಮುಖ ಗಂಟು ಹಾಕ್ಕೊಂಡ್ರು. “ನಾನು ಕೈ ಹಾಕಿದ ಗಾಡೀಲಿ ಎಣ್ಣೆ ಸೋರಲ್ಲ ಸಾರ್.”

ಹಂಗಾಗಿ ಬಾಡಿ ಮೇಲೆಲ್ಲ ತುಕ್ಕಿನ ಬಣ್ಣ ಹೊಡೆಸ್ಕೊಂಡಿರೋ ನನ್ನ ಕಾರಿನ ಎಂಜಿನ್ ಮಾತ್ರ ಇವತ್ತಿಗೂ ಫಳಫಳ ಹೊಳೀತಿದೆ. ಕಪ್ಪು ಹಚ್ಚೋಕೆ ನಂಗೆ ಧೈರ್ಯ ಇಲ್ಲ.